ಹಳೆಯ ಪಿಕಪ್: 3ನೇ ಸಿಲಿಂಡರ್ ಕಂಪ್ರೆಶನ್ ಕಮ್ಮಿ, ಏರಿನಲ್ಲಿ ಕನ್ವರ್ಟರ್ (ಎಕ್ಸಾಸ್ಟ್ ಹೊಗೆ ಶುದ್ಧ ಮಾಡುವ ಡಬ್ಬ) ಕೆಂಪಗಾಗುತ್ತೆ. ಮೊದಲು ಯಾವುದಕ್ಕೆ ಕೈ ಹಾಕಬೇಕು?

ಗೇರ್‌ಪೆಟ್ಟಿಗೆ

ಗಾಡಿ 2.4 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಪಿಕಪ್. ಫ್ಯುಯೆಲ್ ಇಂಜೆಕ್ಷನ್, ಐದು ಗೇರು, ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್ (ವಾಲ್ವುಗಳಿರುವ ಮೇಲಿನ ಭಾಗ). ಟ್ಯಾಪೆಟ್ಟುಗಳು (ವಾಲ್ವನ್ನು ಒತ್ತುವ ತುದಿಗಳು) ಸ್ಕ್ರೂ ತಿರುಗಿಸಿ ಸೆಟ್ ಮಾಡುವ ಬಗೆಯವು. ಓಡಿರುವುದು 3,10,000 ಕಿ.ಮೀ., ಎಂಜಿನ್ ಇದುವರೆಗೆ ಬಿಚ್ಚಿಲ್ಲ.

ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಎಕ್ಸಾಸ್ಟ್ ಕಡೆಯಿಂದ ಟಿಕ್ ಟಿಕ್ ಸದ್ದು. ಏಳೆಂಟು ನಿಮಿಷ ಓಡಿ ಬಿಸಿಯಾದ ಮೇಲೆ ಬಹುಪಾಲು ಅಡಗುತ್ತದೆ. ಐಡ್ಲಿಂಗ್‌ನಲ್ಲಿ ಸಣ್ಣಗೆ ಅದುರುತ್ತದೆ, ಒಂದು ಸಿಲಿಂಡರ್ ಮಿಸ್ ಹೊಡೆದ ಹಾಗೆ. ಸಮತಟ್ಟಾದ ರಸ್ತೆಯಲ್ಲಿ ಪರವಾಗಿಲ್ಲ. ಲೋಡ್ ಹಾಕಿ ಏರು ಹತ್ತಿಸಿದರೆ ಮಾತ್ರ ಪೆಡಲ್ ಪೂರ್ತಿ ತುಳಿದರೂ 3,000 ಆರ್‌ಪಿಎಂ ದಾಟುವುದಿಲ್ಲ. ಏರು ಮುಗಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿದರೆ ಕನ್ವರ್ಟರ್‌ನ ಮುಂಭಾಗ ಮಂದ ಕೆಂಪಗೆ ಕಾಣುತ್ತದೆ. ಕೂಲೆಂಟ್ ಕಮ್ಮಿಯಾಗಿಲ್ಲ, ನೀಲಿ ಹೊಗೆಯೂ ಇಲ್ಲ.

ಕಂಪ್ರೆಶನ್ (ಪಿಸ್ಟನ್ ಗಾಳಿ ಒತ್ತಿದಾಗ ಸಿಲಿಂಡರಿನಲ್ಲಿ ಬರುವ ಒತ್ತಡ) ನೋಡಿದ್ದು ಹೀಗೆ ಬಂತು:
1ನೇದು 165 ಪಿಎಸ್‌ಐ (ಚದರ ಇಂಚಿಗೆ ಪೌಂಡ್)
2ನೇದು 160
3ನೇದು 98
4ನೇದು 163

3ನೇದಕ್ಕೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 102. ಗ್ಯಾರೇಜಿನಲ್ಲಿ "ಕನ್ವರ್ಟರ್ ಕಟ್ಟಿಕೊಂಡಿದೆ, ಅದನ್ನು ಹಾಕಿಸಿದರೆ ಎಲ್ಲ ಸರಿಹೋಗುತ್ತೆ" ಎನ್ನುತ್ತಿದ್ದಾರೆ. ಕನ್ವರ್ಟರ್ ಮೊದಲೋ, ಹೆಡ್ ಮೊದಲೋ? ಇವೆರಡಕ್ಕೂ ಸಂಬಂಧ ಇದೆಯೋ, ಬೇರೆ ಬೇರೆ ತೊಂದರೆಯೋ?

ವಾಲ್ವ್‌ಸೀಟ್

ಸಂಬಂಧ ಇದೆ. ನೀವು ಬರೆದ ಲಕ್ಷಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಮೂರು ತೊಂದರೆಗಳೂ ಒಂದೇ ಎಳೆಯಲ್ಲಿ ಬರುತ್ತವೆ. ಕಂಪ್ರೆಶನ್ ಇಲ್ಲದ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ. ಉರಿಯದ ಪೆಟ್ರೋಲೂ ಬಳಕೆಯಾಗದ ಗಾಳಿಯೂ ಒಟ್ಟಿಗೆ ಎಕ್ಸಾಸ್ಟಿಗೆ ಹೋಗಿ ಕನ್ವರ್ಟರಿನೊಳಗೆ ಹೊತ್ತಿಕೊಳ್ಳುತ್ತವೆ. ನೀವು ನೋಡಿದ ಕೆಂಪು ಅದೇ. ಹೀಗೆ ಬಹಳ ದಿನ ನಡೆದರೆ ಒಳಗಿನ ಸೆರಾಮಿಕ್ ಜೇನುಗೂಡು ಕರಗಿ ದಾರಿ ಮುಚ್ಚುತ್ತದೆ, ಗಾಡಿ ಎಳೆಯುವುದಿಲ್ಲ. ಆಗ ಬರೀ ಕನ್ವರ್ಟರ್ ಬದಲಿಸಿದರೆ ಹೊಸದಕ್ಕೂ ಇದೇ ಗತಿ. ಅದಕ್ಕೇ ಕನ್ವರ್ಟರ್ ಕಟ್ಟಿಕೊಂಡಿರುವುದು ನಿಜವಾದರೂ ಅದು ಕಟ್ಟಕಡೆಯ ಕೆಲಸ.

ಅದಕ್ಕೂ ಮೊದಲು ಆ 98 ಎಷ್ಟು ನಂಬಬಹುದು ಎಂದು ನೋಡೋಣ. ಹೇಗೆ ಟೆಸ್ಟ್ ಮಾಡಿದಿರಿ ಎಂದು ಬರೆದಿಲ್ಲ. ಎಂಜಿನ್ ಓಡುವ ಬಿಸಿಗೆ ಬಂದಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು. ಇಗ್ನಿಶನ್ ಕಾಯಿಲ್‌ನ ಕನೆಕ್ಟರ್ ತೆಗೆದು, ಫ್ಯುಯೆಲ್ ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತಿರಬೇಕು. ಇಲ್ಲದಿದ್ದರೆ ಸೆಲ್ಫ್ ಹೊಡೆದಾಗೆಲ್ಲ ಇಂಜೆಕ್ಟರ್ ಪೆಟ್ರೋಲ್ ಸುರಿದು ಗೋಡೆಯ ಆಯಿಲ್ ಪದರ ತೊಳೆದುಹೋಗುತ್ತದೆ, ರೀಡಿಂಗ್ ಸುಳ್ಳು ಬರುತ್ತದೆ. ತುಂಬ ಜನ ಮರೆಯುವುದು ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು. ಒಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿದಿರಬೇಕು, ಥ್ರಾಟಲ್ ಮುಚ್ಚಿದ್ದರೆ ಒಳಗೆ ಗಾಳಿಯೇ ಬರುವುದಿಲ್ಲ. ಆದರೆ ನಿಮ್ಮ ಉಳಿದ ಮೂರು 160ರ ಮೇಲೆ ಬಂದಿರುವುದರಿಂದ ಇವೆಲ್ಲ ಸರಿಯಾಗಿಯೇ ಇದ್ದವು ಅಂತ ಕಾಣುತ್ತದೆ.

ಮತ್ತೆ ಮಾಡುವಾಗ ಕೊನೆಯ ಅಂಕಿ ಒಂದನ್ನೇ ಬರೆದುಕೊಳ್ಳಬೇಡಿ, ಮುಳ್ಳು ಹೇಗೆ ಏರಿತು ಎಂಬುದನ್ನೂ ನೋಡಿ. ಚೆನ್ನಾಗಿರುವ ಸಿಲಿಂಡರ್ ಮೊದಲ ಒತ್ತಿಗೇ ಸುಮಾರು ಅರ್ಧ ಏರಿ ನಾಲ್ಕೈದು ಒತ್ತಿನಲ್ಲಿ ಪೂರ್ತಿಯಾಗುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಮೊದಲ ಒತ್ತು ತೀರಾ ಕಮ್ಮಿ ಬಂದು ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ವಾಲ್ವ್ ಸೋರುತ್ತಿದ್ದರೆ ಮೊದಲ ಒತ್ತಿನಲ್ಲೂ ಕಮ್ಮಿ, ಆಮೇಲೂ ಹೆಚ್ಚು ಏರದೆ ಅಲ್ಲೇ ನಿಂತುಬಿಡುತ್ತದೆ.

ಸಿಲಿಂಡರುಗಳ ನಡುವಿನ ಅಂತರಕ್ಕೆ ಸಾಮಾನ್ಯ ನಿಯಮ: ಅತಿ ಕಮ್ಮಿ ಇರುವುದು ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿರಬಾರದು. ನಿಮ್ಮ 165ಕ್ಕೆ ಅದು ಸುಮಾರು 124. ಕಂಪನಿ ಕೈಪಿಡಿಗಳು ಇನ್ನೂ ಬಿಗಿ ಇರುತ್ತವೆ. ಉದಾಹರಣೆಗೆ ಟೊಯೊಟಾದ 22ಆರ್-ಇ ಎಂಜಿನ್‌ಗೆ ಹೊಸತರಲ್ಲಿ 171 ಪಿಎಸ್‌ಐ, ಕನಿಷ್ಠ 142, ಸಿಲಿಂಡರ್ ಸಿಲಿಂಡರಿಗೆ 14ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಯಾವ ಅಳತೆಯಲ್ಲಿ ನೋಡಿದರೂ 98 ನಾಪಾಸು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ಬಂದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹಾರಿದೆ ಎನ್ನಬಹುದಿತ್ತು. ನಾಲ್ಕೂ ಒಂದೇ ಸಮ ಕಮ್ಮಿ ಇದ್ದಿದ್ದರೆ ಟೈಮಿಂಗ್ ಚೈನ್ ಹಲ್ಲು ಹಾರಿದೆಯಾ ಎಂದು ನೋಡಬೇಕಿತ್ತು. ನಿಮ್ಮದು ಒಂದೇ ಸಿಲಿಂಡರ್, ಆಯಿಲ್‌ಗೆ ಏರಲಿಲ್ಲ. ರಿಂಗ್ ಸೋರುತ್ತಿದ್ದರೆ ಆಯಿಲ್ ಸಂದು ಮುಚ್ಚಿ ಅಂಕಿ ಏರಬೇಕಿತ್ತು. ವಾಲ್ವೇ, ಅದರಲ್ಲೂ ಎಕ್ಸಾಸ್ಟ್ ವಾಲ್ವ್ ಮೇಲೆ ನನ್ನ ಅನುಮಾನ.

ಹೆಡ್ ಬಿಚ್ಚುವ ಮಾತು ಬೇಡ, ಮೊದಲು ವಾಲ್ವ್ ಕವರ್ ತೆಗೆದು ಟ್ಯಾಪೆಟ್ ನೋಡಿ. ಎಕ್ಸಾಸ್ಟ್ ವಾಲ್ವಿನ ಸೀಟು (ಮುಚ್ಚಿದಾಗ ವಾಲ್ವ್ ಕೂರುವ ಉಂಗುರ) ಸವೆದ ಹಾಗೆಲ್ಲ ವಾಲ್ವ್ ಹೆಡ್ಡಿನೊಳಕ್ಕೆ ಕೂರುತ್ತದೆ, ಅದರ ಕಾಂಡ ಮೇಲೆ ಬರುತ್ತದೆ, ಕಾಂಡಕ್ಕೂ ಟ್ಯಾಪೆಟ್ಟಿಗೂ ನಡುವಿನ ಗ್ಯಾಪ್ ಕರಗುತ್ತದೆ. ಅದಕ್ಕೇ ಇದು ಸದ್ದಿಲ್ಲದ ರೋಗ. ಗ್ಯಾಪ್ ಹೆಚ್ಚಾದರೆ ಟ್ಯಾಪೆಟ್ ಕಟಕಟ ಅನ್ನುತ್ತದೆ, ಕಮ್ಮಿಯಾದರೆ ಎಂಜಿನ್ ಇನ್ನೂ ನಯವಾಗಿ ಓಡಿದಂತೆ ಕೇಳಿಸುತ್ತದೆ. ಗ್ಯಾಪ್ ಸೊನ್ನೆಯಾದ ದಿನ ವಾಲ್ವ್ ಪೂರ್ತಿ ಮುಚ್ಚುವುದೇ ನಿಲ್ಲುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಹೆಚ್ಚಿನ ಪಾಲನ್ನು ಸೀಟಿಗೆ ಒತ್ತಿ ಕೂತಾಗಲೇ ಬಿಟ್ಟುಕೊಡುವುದು. ಕೂರದಿದ್ದರೆ ಅಂಚು ಸುಡುತ್ತದೆ.

ಅಳತೆ ನಿಮ್ಮ ಕೈಪಿಡಿಯದೇ ಬಳಸಿ, ಬಿಸಿಯಲ್ಲೋ ತಣ್ಣಗಿರುವಾಗಲೋ ಎಂಬುದನ್ನೂ ಅದರಲ್ಲೇ ನೋಡಿ. ಮೇಲೆ ಹೇಳಿದ 22ಆರ್‌ಗೆ ಬಿಸಿ ಎಂಜಿನ್‌ನಲ್ಲಿ ಇನ್‌ಟೇಕ್ 0.20 ಮಿ.ಮೀ., ಎಕ್ಸಾಸ್ಟ್ 0.30 ಮಿ.ಮೀ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ತಗಡು) ಎಳೆದಾಗ ಬೆಣ್ಣೆ ಸವರಿದ ಎರಡು ತಗಡಿನ ನಡುವೆ ಎಳೆದ ಹಾಗೆ ಸ್ವಲ್ಪ ಹಿಡಿತ ಸಿಗಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ತಾನೂ ತಿರುಗಿ ಗ್ಯಾಪ್ ಬದಲಾಗುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಿ.

ಗ್ಯಾಪ್ ಸರಿ ಮಾಡಿದ ಮೇಲೆ ಕಂಪ್ರೆಶನ್ ಮತ್ತೆ ನೋಡಿ. 150ರ ಹತ್ತಿರಕ್ಕೆ ಬಂದರೆ ನೀವು ಸಮಯಕ್ಕೆ ಸರಿಯಾಗಿ ಹಿಡಿದಿರಿ. ಬರದಿದ್ದರೆ ಲೀಕ್‌ಡೌನ್ ಮಾಡಿ, ಅಂದರೆ ಸಿಲಿಂಡರಿಗೆ ಗಾಳಿ ಬಿಟ್ಟು ಎಷ್ಟು ಸೋರುತ್ತದೆ ಎಂದು ಎರಡು ಗೇಜಿನ ಉಪಕರಣದಲ್ಲಿ ಅಳೆಯುವುದು.

ಲೀಕ್‌ಡೌನ್‌ಗೆ 3ನೇ ಸಿಲಿಂಡರನ್ನು ಕಂಪ್ರೆಶನ್ ಸ್ಟ್ರೋಕಿನ ಟಾಪ್‌ಗೆ ತನ್ನಿ. ಎರಡೂ ವಾಲ್ವ್ ಸಡಿಲ ಇರಬೇಕು, ರಾಕರ್ (ವಾಲ್ವನ್ನು ಒತ್ತುವ ತೋಳು) ಅಲುಗಾಡಿಸಿದರೆ ಗೊತ್ತಾಗುತ್ತದೆ. ಪ್ಲಗ್ ತೂತಿಗೆ ಪೈಪ್ ಹಾಕಿ 100 ಪಿಎಸ್‌ಐ ಗಾಳಿ ಬಿಡಿ. ಗಾಳಿ ಪಿಸ್ಟನ್ನನ್ನು ಕೆಳಗೆ ತಳ್ಳಿ ಕ್ರ್ಯಾಂಕನ್ನು ಒಮ್ಮೆಲೇ ತಿರುಗಿಸಬಹುದು. ಕ್ರ್ಯಾಂಕ್ ಬೋಲ್ಟಿನ ಮೇಲೆ ಪಾನಾ ಬಿಟ್ಟಿದ್ದರೆ ಮಣಿಕಟ್ಟು ಮುರಿಯುತ್ತದೆ. ಟಾಪ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ಕೈ ದೂರ ಇಟ್ಟು ಗಾಳಿ ಬಿಡಿ.

ಸಿಲಿಂಡರಿನಲ್ಲಿ ಉಳಿದ ಒತ್ತಡ ತೋರಿಸುವ ಎರಡನೇ ಗೇಜ್ 90ರ ಮೇಲೆ ನಿಂತರೆ ಸೋರಿಕೆ ಶೇ. 10ರೊಳಗೆ, ಅದು ಒಳ್ಳೆಯದು. ಇಷ್ಟು ಓಡಿದ ಎಂಜಿನ್‌ಗೆ ಶೇ. 20ರವರೆಗೂ ಸರಿ. ಶೇ. 30 ದಾಟಿದರೆ ಕಾರಣ ಹುಡುಕಲೇಬೇಕು. ಹುಡುಕುವುದು ಕಿವಿಯಿಂದ. ಒಂದು ಮೀಟರ್ ರಬ್ಬರ್ ಪೈಪನ್ನು ಕಿವಿಗಿಟ್ಟುಕೊಂಡು ಸುಸ್ ಎನ್ನುವ ಸದ್ದು ಎಲ್ಲಿಂದ ಬರುತ್ತಿದೆ ನೋಡಿ. ಸೈಲೆನ್ಸರ್ ಬಾಯಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಯಲ್ಲಾದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ತೆಗೆಯಬೇಡಿ, ಮುಟ್ಟುವಷ್ಟು ಆರಲಿ. ಆಯಿಲ್ ಬಾಯಲ್ಲಿ ಸ್ವಲ್ಪ ಸದ್ದು ಎಲ್ಲ ಎಂಜಿನ್‌ನಲ್ಲೂ ಇರುತ್ತದೆ, ರಿಂಗಿನ ಬಾಯಿ ಯಾವತ್ತೂ ಪೂರ್ತಿ ಮುಚ್ಚಿರುವುದಿಲ್ಲ. 1ನೇ ಸಿಲಿಂಡರಿನಲ್ಲೂ ಮಾಡಿ ಹೋಲಿಸಿ.

ಮಸಿಪೈಪು

ಎಂಜಿನ್ ಭಾಗ ಮೇಲಿನವರು ಹೇಳಿದ್ದಾರೆ, ನಾನು ಎಕ್ಸಾಸ್ಟ್ ಕಡೆ ಬರುತ್ತೇನೆ.

ಆ ಟಿಕ್ ಟಿಕ್ ಹೆಚ್ಚುಕಮ್ಮಿ ಖಂಡಿತ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೆಡ್ಡಿನಿಂದ ಹೊಗೆ ಹೊರತರುವ ಎರಕದ ಕೊಳವೆ) ಸೋರಿಕೆ. ಟ್ಯಾಪೆಟ್ ಸದ್ದು ಬಿಸಿಯಾದರೂ ಹೋಗುವುದಿಲ್ಲ. ಮ್ಯಾನಿಫೋಲ್ಡ್ ಸೋರಿಕೆ ಎರಕ ಹಿಗ್ಗಿ ಸಂದು ಮುಚ್ಚಿದ ಹಾಗೆ ಅಡಗುತ್ತದೆ. ನಾಲ್ಕು ಸಿಲಿಂಡರಿನ ಉದ್ದದ ಎರಕ ಬಿಸಿಯಾದಾಗ ಎರಡೂ ತುದಿಗೆ ಹಿಗ್ಗುತ್ತದೆ, ಆದ್ದರಿಂದ ಅದನ್ನು ಹೆಡ್ಡಿಗೆ ಹಿಡಿಸುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ಮುರಿಯುವುದು ಹೆಚ್ಚಾಗಿ ತುದಿಯಲ್ಲಿ, ಅದರಲ್ಲೂ ಕೈ ಎಟುಕದ ಹಿಂದಿನ ತುದಿಯಲ್ಲಿ. ಹೀಟ್ ಶೀಲ್ಡ್ ತೆಗೆದು ಕನ್ನಡಿ, ಟಾರ್ಚ್ ಹಿಡಿದು ನೋಡಿ. ಹೆಡ್ಡಿನ ಅಲ್ಯೂಮಿನಿಯಂ ಮೇಲೆ ಬೀಸಣಿಗೆ ಹರಡಿದ ಹಾಗೆ ಕಪ್ಪು ಮಸಿ ಹೊಡೆದಿದ್ದರೆ ಅದೇ ಜಾಗ. ನಟ್ಟು ಕೂತಿದೆ ಎಂದು ಬಿಡಬೇಡಿ, ಬೆರಳಿನಿಂದ ಅಲುಗಿಸಿ. ಮುರಿದ ಸ್ಟಡ್ ಎಷ್ಟೋ ಸಲ ತೂತಿನಲ್ಲಿ ಸುಮ್ಮನೆ ನಿಂತಿರುತ್ತದೆ.

ಮಸಿ ಕಾಣದಿದ್ದರೆ: ತಣ್ಣನೆಯ ಎಂಜಿನ್, ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬರುವ ಕಡೆಯ ಪೈಪನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿಸಿ, ಎಲ್ಲ ಸಂದಿಗೂ ಸೋಪು ನೀರು ಸಿಂಪಡಿಸಿ. ಗುಳ್ಳೆ ಎದ್ದಲ್ಲಿ ತೂತು.

ಈ ಸೋರಿಕೆಯನ್ನು ಬರೀ ಸದ್ದು ಎಂದುಕೊಳ್ಳಬೇಡಿ. ಎಕ್ಸಾಸ್ಟ್ ಒತ್ತಡ ಒಂದೇ ಸಮ ಇರುವುದಿಲ್ಲ, ಒಂದೊಂದು ಅಲೆಯ ಹಿಂದೆ ಒಂದು ಎಳೆತ ಇರುತ್ತದೆ. ಆ ಎಳೆತದಲ್ಲಿ ಸಂದಿನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅದು ಆಕ್ಸಿಜನ್ ಸೆನ್ಸರಿಗಿಂತ ಮೊದಲೇ ಇದ್ದರೆ ಸೆನ್ಸರ್ ಆ ಆಮ್ಲಜನಕ ಕಂಡು "ಪೆಟ್ರೋಲ್ ಕಮ್ಮಿ" ಎನ್ನುತ್ತದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ನಾಲ್ಕೂ ಸಿಲಿಂಡರಿಗೆ ಪೆಟ್ರೋಲ್ ಹೆಚ್ಚಿಸುತ್ತದೆ. ಕನ್ವರ್ಟರಿಗೆ ಇನ್ನಷ್ಟು ಬೆಂಕಿ. ಇನ್ನೊಂದು ವಿಷಯ, ಸೋರಿದ ಕಾರ್ಬನ್ ಮಾನಾಕ್ಸೈಡ್ ಕ್ಯಾಬಿನ್ ಒಳಗೆ ಬರಬಹುದು, ಅದಕ್ಕೆ ವಾಸನೆ ಇಲ್ಲ. ಸರಿಪಡಿಸುವವರೆಗೆ ಹೀಟರ್ ಬ್ಲೋವರ್ ಹಾಕಿಕೊಂಡು ನಿಂತಲ್ಲೇ ಎಂಜಿನ್ ಓಡಿಸಬೇಡಿ. ಟೆಸ್ಟೆಲ್ಲ ಬಯಲಿನಲ್ಲಿ ಮಾಡಿ. ಕೆಂಪಗಾದ ಕನ್ವರ್ಟರ್ ಇರುವ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಲೂ ಬೇಡಿ.

ಈಗ ಕಟ್ಟಿಕೊಂಡಿದೆಯಾ ಎಂಬ ಪ್ರಶ್ನೆ. ಊಹೆ ಬೇಡ, ಅಳೆಯಬಹುದು. ಇನ್‌ಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 22 ಇಂಚು ಪಾದರಸ ತೋರಿಸಿ ಅಲುಗದೆ ನಿಲ್ಲುತ್ತದೆ. ಎತ್ತರಕ್ಕೆ ಹೋದರೆ 300 ಮೀಟರಿಗೆ ಸುಮಾರು ಒಂದು ಇಂಚು ಕಮ್ಮಿ. ನಿಮ್ಮಲ್ಲಿ ವಾಲ್ವ್ ಸುಟ್ಟಿದ್ದರೆ ಮುಳ್ಳು ತಾಳ ಹಾಕಿದ ಹಾಗೆ ಸಮ ಅಂತರದಲ್ಲಿ ಕೆಳಗೆ ಬೀಳುತ್ತದೆ. ಆಮೇಲೆ ನಿಧಾನಕ್ಕೆ 2,500ಕ್ಕೆ ರೇಸ್ ಮಾಡಿ ಅಲ್ಲೇ ಹಿಡಿಯಿರಿ. ದಾರಿ ಸಲೀಸಾಗಿದ್ದರೆ ಮುಳ್ಳು ಒಂದು ಕಡೆ ನಿಲ್ಲುತ್ತದೆ. ಕಟ್ಟಿಕೊಂಡಿದ್ದರೆ ನೋಡನೋಡುತ್ತಾ ಜಾರುತ್ತಾ ಹೋಗುತ್ತದೆ, ಒಳಗೆ ಹೊಗೆ ತುಂಬಿಕೊಂಡು ಹೊಸ ಗಾಳಿಗೆ ಜಾಗ ಇರುವುದಿಲ್ಲ.

ಇದಕ್ಕಿಂತ ನೇರವಾದದ್ದು ಬ್ಯಾಕ್ ಪ್ರೆಶರ್, ಅಂದರೆ ಹೊಗೆ ಹೊರಹೋಗದೆ ಪೈಪಿನಲ್ಲಿ ಏರುವ ಒತ್ತಡ. ಕನ್ವರ್ಟರಿನ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ 0ಯಿಂದ 15 ಪಿಎಸ್‌ಐ ತನಕದ ಗೇಜ್ ಹಾಕಿ. ಹೆಚ್ಚಿನ ಸೆನ್ಸರುಗಳ ತಿರುಪಿನ ಮರೆ (ಥ್ರೆಡ್) ಎಂ18×1.5. ಗೇಜಿಗೂ ಅಡಾಪ್ಟರಿಗೂ ನಡುವೆ ಅರ್ಧ ಮೀಟರ್ ಲೋಹದ ಕೊಳವೆ ಇರಲಿ, ರಬ್ಬರ್ ನೇರ ಹಾಕಿದರೆ ಕರಗುತ್ತದೆ. ಐಡ್ಲಿಂಗ್‌ನಲ್ಲಿ 1.5 ಪಿಎಸ್‌ಐ ಒಳಗೆ, 2,500ರಲ್ಲಿ 3ರೊಳಗೆ ಇರಬೇಕು. ಹೆಚ್ಚಿದ್ದರೆ ಕನ್ವರ್ಟರ್ ಹಿಂದಿನ ಫ್ಲ್ಯಾಂಜ್ (ಪೈಪಿನ ಬೋಲ್ಟ್ ಜೋಡಣೆ) ಸಡಿಲಿಸಿ ಮತ್ತೆ ನೋಡಿ. ಒತ್ತಡ ಇಳಿದರೆ ಅಡಚಣೆ ಸೈಲೆನ್ಸರ್ ಕಡೆ, ಇಳಿಯದಿದ್ದರೆ ಕನ್ವರ್ಟರಿನಲ್ಲಿ ಅಥವಾ ಸೆನ್ಸರಿನಿಂದ ಅದರವರೆಗಿನ ಪೈಪಿನಲ್ಲಿ.

ಇದನ್ನು ಬಿಡಬೇಡಿ ಎನ್ನುವುದಕ್ಕೆ ಕಾರಣ ಇದೆ. ಹಳೆಯ ಗಾಡಿಗಳಲ್ಲಿ ಎರಡು ಪದರದ ಎಕ್ಸಾಸ್ಟ್ ಪೈಪ್ ಇರುತ್ತಿತ್ತು, ಒಳಪದರ ಮಡಚಿಕೊಂಡು ದಾರಿ ಮುಚ್ಚಿದರೂ ಹೊರಗೆ ಪೈಪ್ ಹೊಚ್ಚ ಹೊಸದರಂತೆ ಕಾಣುತ್ತದೆ. ಕಾರ್ಬುರೇಟರ್ ಕಾಲದ ಕೆಲವು ಮ್ಯಾನಿಫೋಲ್ಡುಗಳಲ್ಲಿ ಹೀಟ್ ರೈಸರ್ ಎಂಬ ಬಾಗಿಲಿರುತ್ತದೆ, ಅದು ತುಕ್ಕು ಹಿಡಿದು ಮುಚ್ಚಿದ ಸ್ಥಿತಿಯಲ್ಲೇ ನಿಂತರೂ ಇದೇ ಲಕ್ಷಣ. ಕನ್ವರ್ಟರಿನ ಒಳಗಿನ ಚೂರು ಹಾರಿ ಸೈಲೆನ್ಸರಿನಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು ಬಂದರೆ ಜೇನುಗೂಡು ಒಡೆದಿದೆ. ಸದ್ದು ಬರದಿದ್ದರೆ ಚೆನ್ನಾಗಿದೆ ಎಂದರ್ಥವಲ್ಲ, ಕರಗಿ ಅಂಟಿಕೊಂಡದ್ದು ಸದ್ದು ಮಾಡುವುದಿಲ್ಲ.

ಯಾವ ಗೇಜೂ ಇಲ್ಲದೆ ಈಗಲೇ ಮಾಡಬಹುದಾದ ಒಂದು ಪರೀಕ್ಷೆ: ಐಡ್ಲಿಂಗ್‌ನಲ್ಲಿ ಸೈಲೆನ್ಸರ್ ಬಾಯಿಂದ ಎರಡು ಬೆರಳು ದೂರದಲ್ಲಿ ಒಂದು ತುಂಡು ಕಾಗದ ಹಿಡಿಯಿರಿ. ಸಮನಾಗಿ ಹೊರಗೆ ತಳ್ಳುತ್ತಿರಬೇಕು. ನಡುನಡುವೆ ಒಳಕ್ಕೆ ಪಟಕ್ಕನೆ ಎಳೆದುಕೊಂಡರೆ ಒಂದು ಎಕ್ಸಾಸ್ಟ್ ವಾಲ್ವ್ ಇನ್‌ಟೇಕ್ ಸ್ಟ್ರೋಕಿನಲ್ಲೂ ತೆರೆದಿದೆ, ಪಿಸ್ಟನ್ ಸೈಲೆನ್ಸರ್ ಕಡೆಯಿಂದಲೂ ಉಸಿರು ಎಳೆಯುತ್ತಿದೆ. ದಾರಿ ತೀರಾ ಕಟ್ಟಿಕೊಂಡಿದ್ದರೆ ಈ ಎಳೆತ ಬಾಯಿಯವರೆಗೆ ಬರದೆಯೂ ಇರಬಹುದು.

ಟಾಪ್‌ಗೇರ್

ಕನ್ವರ್ಟರ್ ಬಿಚ್ಚಿ ಒಳಗಿನದನ್ನು ರಾಡ್‌ನಿಂದ ಒಡೆದು ಖಾಲಿ ಮಾಡಿ ಹಾಕಿದರೆ ಆಗಲ್ವಾ? ಎಳೆತ ತಕ್ಷಣ ಬರುತ್ತೆ. ಪೆಟ್ರೋಲಿಗೆ ಹಾಕುವ ಕ್ಲೀನರೂ ಸಿಗುತ್ತೆ. ಮತ್ತೆ ಆ ಆಯಿಲ್ ಬಿಟ್ಟು ನೋಡುವ ವೆಟ್ ಟೆಸ್ಟಿಗೆ ಒಂದು ಚಮಚ ಸಾಲದು, ಎರಡು ದೊಡ್ಡ ಚಮಚ ಹಾಕಿ ನೋಡಿ, ಏರುತ್ತೆ.

ವಾಲ್ವ್‌ಸೀಟ್

ಏರುತ್ತದೆ, ಆದರೆ ರಿಂಗ್ ಕೆಟ್ಟಿರುವುದರಿಂದಲ್ಲ. ಲೆಕ್ಕ ಹಾಕಿ ನೋಡಿ. 2.4 ಲೀಟರ್ ನಾಲ್ಕು ಸಿಲಿಂಡರ್ ಎಂದರೆ ಒಂದಕ್ಕೆ ಸುಮಾರು 600 ಸಿಸಿ. ಕಂಪ್ರೆಶನ್ ಅನುಪಾತ 9:1 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 75 ಸಿಸಿ. 5 ಮಿ.ಲೀ. ಆಯಿಲ್ ಅದರಲ್ಲಿ ಹೆಚ್ಚೇನೂ ತಿನ್ನುವುದಿಲ್ಲ. ಎರಡು ದೊಡ್ಡ ಚಮಚ ಎಂದರೆ 30 ಮಿ.ಲೀ., 75ರ ಜಾಗ 45 ಆಯಿತು. ಅನುಪಾತವೇ 14:1 ದಾಟಿತು. ಸುಟ್ಟ ವಾಲ್ವೂ ಆಗ ಒಳ್ಳೆಯ ಅಂಕಿ ತೋರಿಸಿಬಿಡುತ್ತದೆ. 5 ಮಿ.ಲೀ., ಹೆಚ್ಚೆಂದರೆ 10 ಸಾಕು. ಹಾಕಿದ ಮೇಲೆ ಗೇಜ್ ಇಲ್ಲದೆ ಒಂದೆರಡು ಸುತ್ತು ಸೆಲ್ಫ್ ಹೊಡೆದು ಆಯಿಲ್ ಗೋಡೆಗೆ ಹರಡಲು ಬಿಡಿ, ಆಗ ಮುಖ ಪಕ್ಕಕ್ಕಿರಲಿ, ಪ್ಲಗ್ ತೂತಿನಿಂದ ಆಯಿಲ್ ಚಿಮ್ಮುತ್ತದೆ.

ಕನ್ವರ್ಟರ್ ಖಾಲಿ ಮಾಡುವುದು ಬೇಡ. ಹೊಗೆ ಪರೀಕ್ಷೆ ಇರುವ ಕಡೆ ಗಾಡಿ ಪಾಸಾಗುವುದಿಲ್ಲ, ಅದು ಒಂದು. ಆ ಹೊಗೆಯನ್ನು ಉಸಿರಾಡುವವರು ಹಿಂದೆ ಬರುವವರು, ಅದು ಇನ್ನೂ ದೊಡ್ಡದು. ಇನ್ನು ಕ್ಲೀನರ್: ಅದು ತೆಳುವಾದ ಮಸಿಯನ್ನು ತೆಗೆಯಬಹುದೇನೋ, ಕರಗಿ ಗಟ್ಟಿಯಾದ ಸೆರಾಮಿಕ್ಕಿಗೆ ಪೆಟ್ರೋಲಿನಲ್ಲಿ ಬೆರೆಸುವ ಯಾವ ದ್ರಾವಣವೂ ಏನೂ ಮಾಡಲಾರದು. ಎಳೆತ ಬಂದಿತೆಂದು 98 ಪಿಎಸ್‌ಐ ಸಿಲಿಂಡರನ್ನು ಮರೆತು ಓಡಿಸಿದರೆ ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬೀಳುವ ಅಪಾಯವೂ ಇದೆ.

ಗೇರ್‌ಪೆಟ್ಟಿಗೆ

ಎಲ್ಲ ಮಾಡಿ ನೋಡಿದೆ. ಸಿಕ್ಕಿದ್ದು:

3ನೇ ಎಕ್ಸಾಸ್ಟ್ ಟ್ಯಾಪೆಟ್ಟಿಗೆ 0.05ರ ಗೇಜೂ ಹೋಗಲಿಲ್ಲ. ಉಳಿದ ಎಕ್ಸಾಸ್ಟ್‌ಗಳು 0.20ರಿಂದ 0.25. ಎಲ್ಲವನ್ನೂ ಕೈಪಿಡಿಯ 0.30ಕ್ಕೆ ತಂದೆ. ಮತ್ತೆ ಕಂಪ್ರೆಶನ್ ನೋಡಿದರೆ 3ನೇದು 112ಕ್ಕೆ ಬಂತು, ಮೊದಲ ಒತ್ತಿಗೆ 50, ಆಮೇಲೆ ನಿಧಾನ. ಲೀಕ್‌ಡೌನ್ 3ರಲ್ಲಿ ಶೇ. 45, ಸದ್ದು ಸೈಲೆನ್ಸರ್ ಬಾಯಲ್ಲಿ ಸ್ಪಷ್ಟ. 1ರಲ್ಲಿ ಶೇ. 14, ಆಯಿಲ್ ಬಾಯಲ್ಲಿ ಮಾತ್ರ ಸಣ್ಣಗೆ. ಕಾಗದ ಒಳಕ್ಕೆ ಎಳೆದುಕೊಳ್ಳುತ್ತದೆ.

ಬ್ಯಾಕ್ ಪ್ರೆಶರ್ ಐಡ್ಲಿಂಗ್‌ನಲ್ಲಿ 2, 2,500ರಲ್ಲಿ 7 ಪಿಎಸ್‌ಐ. ಹಿಂದಿನ ಫ್ಲ್ಯಾಂಜ್ ಸಡಿಲಿಸಿದರೂ 7ರ ಹತ್ತಿರವೇ ಇತ್ತು. ಮ್ಯಾನಿಫೋಲ್ಡಿನ ಹಿಂದಿನ ತುದಿಯ ಸ್ಟಡ್ ಒಂದು ತುಂಡಾಗಿದೆ, ಹೆಡ್ಡಿನ ಸಮಕ್ಕೆ.

ಒಂದೇ ಸಂಶಯ. ವಾಲ್ವಿನ ಕೆಳಗೆ ಕಾರ್ಬನ್ ಚೂರು ಸಿಕ್ಕಿಕೊಂಡಿದ್ದರೂ ಹೀಗೆ ತೋರಿಸುತ್ತದೆ ಎಂದು ಓದಿದೆ. ಹೆಡ್ ಬಿಚ್ಚಿ ಆಮೇಲೆ ಏನೂ ಇಲ್ಲ ಎಂದಾಗಬಾರದು.

ವಾಲ್ವ್‌ಸೀಟ್

ಸರಿಯಾದ ಸಂಶಯ. ರಾಕರಿನ ಮೇಲೆ ಮರದ ತುಂಡಿಟ್ಟು, ಗಾಳಿ ಒತ್ತಡ ಇರುವಾಗಲೇ ಸುತ್ತಿಗೆಯಿಂದ ಹಗುರವಾಗಿ ಎರಡು ಮೂರು ಸಲ ತಟ್ಟಿ. ವಾಲ್ವ್ ಕೂದಲೆಳೆಯಷ್ಟು ತೆರೆದು ಗಾಳಿ ನುಗ್ಗಿದಾಗ ಚೂರಿದ್ದರೆ ಹಾರಿಹೋಗುತ್ತದೆ. ಶೇ. 45 ಇದ್ದದ್ದು 15ಕ್ಕೆ ಇಳಿದರೆ ಕಾರ್ಬನ್. ಇಳಿಯದಿದ್ದರೆ ಸುಟ್ಟಿದೆ. ಗ್ಯಾಪ್ ಸೊನ್ನೆ ಇದ್ದದ್ದನ್ನು ನೋಡಿದರೆ ಎರಡನೆಯದೇ ಎಂದು ನನಗನ್ನಿಸುತ್ತದೆ.

ಹೆಡ್ ಪೂರ್ತಿ ತಣ್ಣಗಾದ ಮೇಲೆಯೇ ಬಿಚ್ಚಿ. ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಎರಡು ಮೂರು ಸುತ್ತಿನಲ್ಲಿ ಸಡಿಲಿಸಿ. ಬಿಸಿ ಅಲ್ಯೂಮಿನಿಯಂ ಅಥವಾ ಒಂದೇ ತುದಿಯಿಂದ ಬಿಚ್ಚಿದ ಹೆಡ್ ಬಾಗುತ್ತದೆ. ಚೈನ್ ಮತ್ತು ಸ್ಪ್ರಾಕೆಟ್ ಎರಡಕ್ಕೂ ಬಣ್ಣದ ಗುರುತು ಹಾಕಿ, ಚೈನನ್ನು ತಂತಿಯಿಂದ ಮೇಲಕ್ಕೆ ಎಳೆದು ಕಟ್ಟಿ. ಸಡಿಲಾದರೆ ಟೆನ್ಶನರ್ ಹೊರಗೆ ಬಂದುಬಿಡುತ್ತದೆ. ಕೆಲವು ಚೈನ್ ಎಂಜಿನ್‌ಗಳಲ್ಲಿ ಹೆಡ್ಡಿನ ಮುಂಭಾಗದಿಂದ ಟೈಮಿಂಗ್ ಕವರ್‌ಗೆ ಹೋಗುವ ಒಂದು ಬೋಲ್ಟ್ ಆಯಿಲ್ ಗುಂಡಿಯಲ್ಲಿ ಮುಳುಗಿರುತ್ತದೆ. ಅದನ್ನು ಕಾಣದೆ ಹೆಡ್ ಮೀಟಿ ಕವರ್ ಒಡೆದುಕೊಳ್ಳುವುದು ಸಾಮಾನ್ಯ.

ವಾಲ್ವ್ ಕೈಗೆ ಬಂದಾಗ ಅದರ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ. ಚೆನ್ನಾಗಿರುವ ವಾಲ್ವಿನಲ್ಲಿ ಬೂದು ಬಣ್ಣದ ಒಂದೇ ಅಗಲದ ಪಟ್ಟಿ ಸುತ್ತಲೂ ಇರುತ್ತದೆ. ಸೋರಿದ್ದರಲ್ಲಿ ಆ ಪಟ್ಟಿ ಒಂದು ಕಡೆ ತುಂಡಾಗಿ, ಅಂಚು ಇಲಿ ಕಡಿದ ಹಾಗೆ ಕಿತ್ತಿರುತ್ತದೆ. ಅಂಥ ವಾಲ್ವನ್ನು ಉಜ್ಜಿ ಉಳಿಸಲು ಹೋಗಬೇಡಿ, ಹೊಸದು ಹಾಕಿ. ಗೈಡಿನಲ್ಲಿ (ವಾಲ್ವಿನ ಕಾಂಡ ಓಡಾಡುವ ಕೊಳವೆ) ವಾಲ್ವ್ ಅಲುಗುತ್ತಿದೆಯಾ ನೋಡಿ. ಗೈಡ್ ಸವೆದಿದ್ದರೆ ಹೊಸ ವಾಲ್ವೂ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಕೂತು ಮತ್ತೆ ಸುಡುತ್ತದೆ. ಸೀಟು 45 ಡಿಗ್ರಿಗೆ ಕತ್ತರಿಸಿ, ಎಕ್ಸಾಸ್ಟಿಗೆ ಕೂರುವ ಪಟ್ಟಿಯ ಅಗಲ 1.2ರಿಂದ 1.6 ಮಿ.ಮೀ. ಬರುವ ಹಾಗೆ ಮಾಡಿಸಿ. ತೀರಾ ತೆಳುವಾದರೆ ಬಿಸಿ ದಾಟುವುದಿಲ್ಲ, ತೀರಾ ಅಗಲವಾದರೆ ಕಾರ್ಬನ್ ಸಿಕ್ಕಿಕೊಳ್ಳುತ್ತದೆ. ಉಳಿದ ಏಳು ವಾಲ್ವುಗಳನ್ನೂ ಈಗಲೇ ಗ್ರೈಂಡ್ ಮಾಡಿಸಿ, ಎಲ್ಲ ಸೀಲ್ ಹೊಸದು ಹಾಕಿ.

ಹೆಡ್ಡಿನ ಕೆಳಮುಖಕ್ಕೆ ನೇರಪಟ್ಟಿ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ಹಾಕಿ ನೋಡಿ. 0.15 ಮಿ.ಮೀ. ಒಳಗೆ ಹೋದರೆ ಪ್ಲೇನ್ ಮಾಡಿಸಬೇಕು, ನಿಮ್ಮ ಕೈಪಿಡಿ ಇನ್ನೂ ಕಮ್ಮಿ ಹೇಳಿದ್ದರೆ ಅದನ್ನೇ ಪಾಲಿಸಿ. ಜೋಡಿಸುವ ಮುಂಚೆ ಪ್ಲಗ್ ಹಾಕಿ, ಹೆಡ್ ಮಗುಚಿಟ್ಟು, ಒಂದೊಂದು ಚೇಂಬರಿಗೂ ಸೀಮೆಎಣ್ಣೆ ತುಂಬಿ ಐದು ನಿಮಿಷ ಬಿಡಿ. ಪೋರ್ಟಿನಲ್ಲಿ ಒದ್ದೆ ಕಂಡರೆ ಕೆಲಸ ಮುಗಿದಿಲ್ಲ.

1ನೇದರಲ್ಲಿ ಶೇ. 14 ಇರುವುದರಿಂದ ಪಿಸ್ಟನ್ ಕಡೆ ಕೈ ಹಾಕುವ ಅಗತ್ಯ ಕಾಣುವುದಿಲ್ಲ. 3ನೇ ಬೋರಿನ ಗೋಡೆಯನ್ನು ಮಾತ್ರ ಬೆರಳಾಡಿಸಿ ನೋಡಿ, ಉದ್ದ ಗೀರು ಇಲ್ಲದಿದ್ದರೆ ಬಿಟ್ಟುಬಿಡಿ. 3ನೇ ಇಂಜೆಕ್ಟರನ್ನು ಹೊರಗೆ ಟೆಸ್ಟ್ ಮಾಡಿಸಿ. ಅದು ಕಮ್ಮಿ ಸಿಂಪಡಿಸುತ್ತಿದ್ದರೆ ಆ ಸಿಲಿಂಡರ್ ಬಿಸಿಯಾಗಿ ಓಡುತ್ತದೆ, ವಾಲ್ವ್ ಮತ್ತೆ ಸುಡಲು ಅಷ್ಟೇ ಸಾಕು.

ಮಸಿಪೈಪು

ಹೆಡ್ ಹೊರಗಿರುವಾಗಲೇ ಆ ಸ್ಟಡ್ ತೆಗೆಸಿ, ಗಾಡಿಯಲ್ಲಿ ಬಗ್ಗಿ ಮಾಡುವುದಕ್ಕಿಂತ ಹತ್ತು ಪಟ್ಟು ಸುಲಭ. ಸಮಕ್ಕೆ ಮುರಿದಿದ್ದರೆ ಅದರ ಮೇಲೆ ವೆಲ್ಡಿಂಗಿನಿಂದ ಸ್ವಲ್ಪ ಸ್ವಲ್ಪ ಎತ್ತರಿಸಿ ನಟ್ಟು ಕೂರಿಸಿ ವೆಲ್ಡ್ ಮಾಡುತ್ತಾರೆ. ಸ್ಟೀಲಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಆ ಬಿಸಿಗೇ ಹಿಡಿತ ಸಡಿಲಾಗಿ ಸ್ಟಡ್ ತಿರುಗಿ ಬರುತ್ತದೆ. ಡ್ರಿಲ್ ಮಾಡುವುದಾದರೆ ಸರಿಯಾಗಿ ನಡುವೆ ಪಂಚ್ ಹೊಡೆದು, ಎಡಕ್ಕೆ ತಿರುಗುವ ಬಿಟ್ ಬಳಸಿ. ಒಳಗೆ ಕೊರೆಯುತ್ತಿದ್ದ ಹಾಗೇ ಕೆಲವೊಮ್ಮೆ ಅದೇ ಬಿಚ್ಚಿಕೊಂಡು ಬರುತ್ತದೆ. ಗಟ್ಟಿ ಎಕ್ಸ್‌ಟ್ರ್ಯಾಕ್ಟರ್ ಅದರೊಳಗೆ ಮುರಿದರೆ ಮತ್ತೆ ಡ್ರಿಲ್ ಹಿಡಿಯುವುದಿಲ್ಲ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮ್ಯಾನಿಫೋಲ್ಡಿನ ಮುಖಕ್ಕೂ ನೇರಪಟ್ಟಿ ಇಡಿ. ಅದು ಬಾಗಿರುವುದರಿಂದಲೇ ತುದಿಯ ಸ್ಟಡ್ ಮುರಿದಿರಬಹುದು. ಬಾಗಿದ್ದನ್ನು ಹಾಗೇ ಎಳೆದು ಬಿಗಿದರೆ ಹೊಸದೂ ಮುರಿಯುತ್ತದೆ. ಎಲ್ಲ ಸ್ಟಡ್, ನಟ್ಟು ಹೊಸದು ಹಾಕಿ, ನಡುವಿನಿಂದ ಹೊರಕ್ಕೆ, ಕೈಪಿಡಿಯ ಟಾರ್ಕಿಗೆ ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ.

ಕನ್ವರ್ಟರ್ ಬಿಚ್ಚಿದಾಗ ಟಾರ್ಚ್ ಬಿಟ್ಟು ನೋಡಿ, ಮುಂಭಾಗದ ತೂತುಗಳು ಗಾಜಿನ ಹಾಗೆ ಕರಗಿ ಮುಚ್ಚಿರುತ್ತವೆ ಎಂದು ನನ್ನ ಅಂದಾಜು. ಹಿಂದಿನ ಪೈಪು, ಸೈಲೆನ್ಸರ್ ಎರಡನ್ನೂ ಅಲ್ಲಾಡಿಸಿ ಚೂರು ಉದುರಿಸಿ. ಆಕ್ಸಿಜನ್ ಸೆನ್ಸರ್ ಇಷ್ಟು ದಿನ ಅತಿಯಾದ ಬಿಸಿ ಕಂಡಿದೆ. ಬಿಸಿ ಎಂಜಿನ್‌ನಲ್ಲಿ 2,000ದಲ್ಲಿ ಹಿಡಿದು ಮೀಟರ್ ಹಾಕಿದರೆ ಸುಮಾರು 0.2ರಿಂದ 0.8 ವೋಲ್ಟ್ ನಡುವೆ ಚುರುಕಾಗಿ ಓಡಾಡುತ್ತಿರಬೇಕು. ಮಂದವಾಗಿದ್ದರೆ ಹೊಸ ಕನ್ವರ್ಟರಿನ ಜೊತೆಗೇ ಬದಲಿಸಿ.

ಗೇರ್‌ಪೆಟ್ಟಿಗೆ

ತಟ್ಟಿ ನೋಡಿದೆ, ಶೇ. 45 ಇದ್ದದ್ದು 43. ಹೆಡ್ ಬಿಚ್ಚುತ್ತೇನೆ. ಎಲ್ಲ ಜೋಡಿಸಿ ಮೊದಲ ಸಲ ಓಡಿಸುವಾಗ ಹಳೇ ಕನ್ವರ್ಟರಿನಲ್ಲೇ ನೋಡಿ ಆಮೇಲೆ ಹೊಸದು ಹಾಕಲೋ?

ವಾಲ್ವ್‌ಸೀಟ್

ಹೌದು, ಹಳೆಯದರಲ್ಲೇ ಮೊದಲು ಸ್ಟಾರ್ಟ್ ಮಾಡಿ. ಹೆಡ್ ಕೆಲಸದಲ್ಲಿ ಪೋರ್ಟಿಗೆ ಬಿದ್ದ ಆಯಿಲ್, ಸೀಮೆಎಣ್ಣೆ, ಉಜ್ಜುವ ಪೇಸ್ಟಿನ ಉಳಿಕೆ ಎಲ್ಲ ಅದರಲ್ಲೇ ಉರಿದುಹೋಗಲಿ. ಹತ್ತು ಹದಿನೈದು ನಿಮಿಷ ಸಾಕು, ಲೋಡ್ ಹಾಕಬೇಡಿ. ಮಿಸ್ ಇಲ್ಲ, ವ್ಯಾಕ್ಯೂಮ್ ಮುಳ್ಳು ಐಡ್ಲಿಂಗ್‌ನಲ್ಲಿ ಅಲುಗುತ್ತಿಲ್ಲ, ಸೋಪು ನೀರಿಗೆ ಗುಳ್ಳೆ ಇಲ್ಲ ಎಂದ ಮೇಲೆ ಹೊಸ ಕನ್ವರ್ಟರ್ ಹಾಕಿ ಬ್ಯಾಕ್ ಪ್ರೆಶರ್ ಮತ್ತೆ ಅಳೆಯಿರಿ. 2,500ರಲ್ಲಿ 3ರೊಳಗೆ ಬರಲೇಬೇಕು.

ಟ್ಯಾಪೆಟ್ 1,000 ಕಿ.ಮೀ.ಗೆ ಒಮ್ಮೆ, 5,000ಕ್ಕೆ ಇನ್ನೊಮ್ಮೆ ನೋಡಿ, ಅಂಕಿ ಬರೆದಿಡಿ. ಮೊದಲ ಸಲ 3ನೇ ಎಕ್ಸಾಸ್ಟ್ 0.30ರಿಂದ 0.27ಕ್ಕೆ ಇಳಿದಿದ್ದರೆ ಅದು ಹೊಸ ಸೀಟು ಕೂತದ್ದು, ಸರಿ ಮಾಡಿ ಓಡಿಸಿ. ಎರಡನೇ ಸಲವೂ ಅಷ್ಟೇ ಇಳಿದಿದ್ದರೆ ಸೀಟು ಸವೆಯುತ್ತಿದೆ, ಆ ಜಾಗಕ್ಕೆ ಗಟ್ಟಿ ಲೋಹದ ಸೀಟ್ ಇನ್ಸರ್ಟ್ ಹಾಕಿಸಬೇಕಾಗುತ್ತದೆ.